ಮಾವನವರ ವೈಸ್ ಪಾಲಾದ ಬಗೆ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಬೆಳಗ್ಗೆಯಿಂದ ಭೂತಗನ್ನಡಿ ಹಿಡಿದು ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿರುವ ಮೂವರು ತೀರ್ಪುಗಾರರೇ, ಹಳೆಯ ಸಲಕರಣೆಗಳ ಸಂಗ್ರಾಹಕರ ಸಂಘದ ಕಾರ್ಯದರ್ಶಿಗಳೇ, ಸಭಿಕರೇ, ಮತ್ತು ಸಭಿಕರ ಜೊತೆ ವಿಧಿಯಿಲ್ಲದೆ ಬಂದು ಕುಳಿತಿರುವ ಅವರ ಹೆಂಡತಿಯರೇ, ನಿಮ್ಮೆಲ್ಲರಿಗೂ ನನ್ನ ವಂದನೆಗಳು.

ಕಾರ್ಯದರ್ಶಿಗಳು ನನಗೆ ಕೊಟ್ಟಿರುವುದು ಎರಡು ನಿಮಿಷ. "ಪ್ರಥಮ ಬಹುಮಾನ ಪಡೆದವರ ಶ್ರೀಮತಿಯವರಿಂದ ಎರಡು ಮಾತು" ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿದೆ. ಹೋದ ವರ್ಷದ ಶ್ರೀಮತಿಯವರು "ಎಲ್ಲರಿಗೂ ಧನ್ಯವಾದ" ಎಂದು ಹೇಳಿ ಕುಳಿತುಬಿಟ್ಟರಂತೆ. ಲೆಕ್ಕ ಹಾಕಿದರೆ ಅದು ಸರಿಯಾಗಿ ಎರಡೇ ಮಾತು. ನನ್ನಿಂದ ಅದು ಆಗದ ಕೆಲಸ ಎಂಬುದನ್ನು ವೇದಿಕೆಯ ಮೇಲೆ ಬಹುಮಾನದ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವ ನಮ್ಮ ಮನೆಯವರು ಬಲ್ಲರು. ಆಗಲೇ ಬೆವರು ಒರೆಸಿಕೊಳ್ಳುತ್ತಿದ್ದಾರೆ, ನೋಡಿ.

ನನ್ನಂತೆ ವಿಧಿಯಿಲ್ಲದೆ ಬಂದವರಿಗಾಗಿ ಮೊದಲು ಒಂದು ವಿವರಣೆ. ವೈಸ್ ಎಂದರೆ ಕೆಲಸದ ಮೇಜಿಗೆ ಬೋಲ್ಟು ಬಿಗಿದು ಕೂರಿಸಿದ ಕಬ್ಬಿಣದ ಎರಡು ದವಡೆ. ಹಿಂದಿನ ದವಡೆ ಬಾಡಿಯ, ಅಂದರೆ ಮೇಜಿನ ಮೇಲೆ ಕೂರುವ ದೊಡ್ಡ ಭಾಗದ, ಜೊತೆಗೇ ಎರಕವಾಗಿರುತ್ತದೆ, ಕದಲುವುದಿಲ್ಲ. ಮುಂದಿನ ದವಡೆ ಒಂದು ಉದ್ದನೆಯ ಸ್ಕ್ರೂವಿನ ಜೊತೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ನಡುವೆ ಏನನ್ನಾದರೂ ಇಟ್ಟು ಹಿಡಿ ತಿರುಗಿಸಿದರೆ ಅದು ಮಿಸುಕಾಡುವುದಿಲ್ಲ. ಆಮೇಲೆ ಅರದಿಂದ ಉಜ್ಜಬಹುದು, ಗರಗಸದಿಂದ ಕೊಯ್ಯಬಹುದು, ಸುತ್ತಿಗೆಯಿಂದ ಬಡಿಯಬಹುದು. ಇಷ್ಟೇ. ಇದರಲ್ಲಿ ಮರುಳಾಗುವಂಥದ್ದು ಏನಿದೆ ಎಂದು ನೀವು ಕೇಳಬಹುದು. ನಾನು ಹನ್ನೊಂದು ವರ್ಷದಿಂದ ಕೇಳುತ್ತಲೇ ಇದ್ದೇನೆ.

ನಮ್ಮ ಮನೆಯಲ್ಲಿ ಈಗ ನಲವತ್ಮೂರು ವೈಸ್‌ಗಳಿವೆ. ಮಕ್ಕಳು ಇಬ್ಬರು. ಮೊದಲನೆಯದು ಬಂದಾಗ ಇವರು ಹೇಳಿದ್ದು, "ಇದೊಂದೇ ಕಣೇ, ಗುಜರಿಯವನು ಕರಗಿಸೋಕೆ ಹಾಕ್ತಿದ್ದ, ನೋಡೋಕಾಗ್ಲಿಲ್ಲ." ಎರಡನೆಯದಕ್ಕೂ ಅದೇ ಮಾತು. ಹತ್ತನೆಯದರ ಹೊತ್ತಿಗೆ ಇವರು ಮಾತು ನಿಲ್ಲಿಸಿದರು, ಹಿತ್ತಿಲ ಬಾಗಿಲಿನಿಂದ ತರತೊಡಗಿದರು. ಮಂಚದ ಕೆಳಗೆ ಆರು ಇವೆ. ಬಟ್ಟೆಯ ಬೀರು ಅಲುಗಾಡದಂತೆ ಎರಡು. ಅಡುಗೆಮನೆಯ ಕಟ್ಟೆಯ ತುದಿಯಲ್ಲಿ ಒಂದು ಪುಟ್ಟ ವೈಸ್ ಇದೆ, ಅದನ್ನು ಮಾತ್ರ ನಾನು ಯಾರಿಗೂ ಕೊಡುವುದಿಲ್ಲ. ಬಿಗಿಯಾದ ಡಬ್ಬಿಗಳ ಮುಚ್ಚಳ ತೆಗೆಯಲು ಅದರಷ್ಟು ವಿಧೇಯರಾದವರು ನಮ್ಮ ಮನೆಯಲ್ಲಿ ಇನ್ನೊಬ್ಬರಿಲ್ಲ.

ಒಂದು ಹಳೆಯ ವೈಸ್ ಮನೆಗೆ ಬಂದರೆ ಏನೇನಾಗುತ್ತದೆ ಗೊತ್ತೇ? ಮೊದಲು ಅದು ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆಯುತ್ತದೆ. ಯಾವ ಬಕೆಟ್ಟಿನಲ್ಲಿ? ಸ್ನಾನದ ಬಕೆಟ್ಟಿನಲ್ಲಿ. ಬಿಗಿದುಕೊಂಡ ನಟ್ಟುಗಳು ಸಡಿಲವಾದ ಮೇಲೆ ಅದನ್ನು ಬಿಡಿಬಿಡಿ ಮಾಡಿ ಸೋಡಾ ಕಲಸಿದ ನೀರಿನಲ್ಲಿ ಮುಳುಗಿಸಿ ಬ್ಯಾಟರಿ ಚಾರ್ಜರಿನ ತಂತಿ ಕೊಡುತ್ತಾರೆ. ನೀರು ಬುಳುಬುಳು ಎನ್ನುತ್ತದೆ, ತುಕ್ಕೆಲ್ಲ ಕೆಸರಿನಂತೆ ಮೇಲೆ ತೇಲುತ್ತದೆ, ಮನೆಯವರು ಅದರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ನೋಡುತ್ತಾರೆ. ಒಲೆಯ ಮೇಲೆ ಹಾಲಿಟ್ಟು "ಸ್ವಲ್ಪ ನೋಡಿಕೊಳ್ಳಿ" ಎಂದರೆ ಐದು ನಿಮಿಷ ನಿಲ್ಲದವರು ಇದರ ಮುಂದೆ ಐದು ಗಂಟೆ ಕುಳಿತಿರುತ್ತಾರೆ! ಆಮೇಲೆ ತಂತಿ ಬ್ರಷ್ಷು. ಆಮೇಲೆ ಎಣ್ಣೆ. ಬಣ್ಣ ಮಾತ್ರ ಇಲ್ಲ. ಬಣ್ಣ ಬಳಿಯಬಾರದು ಎಂಬುದು ನಮ್ಮ ಮಾವನವರ ಕಟ್ಟಪ್ಪಣೆ. ಕಬ್ಬಿಣವನ್ನು ಕೈಸುಡುವಷ್ಟು ಬಿಸಿ ಮಾಡಿ ಎಣ್ಣೆಯ ಬಟ್ಟೆಯಿಂದ ತಿಕ್ಕಬೇಕು, ಅದು ತಾನಾಗಿಯೇ ಕಪ್ಪಾಗಬೇಕು.

ಮಾವನವರ ಹೆಸರು ಬಂದದ್ದರಿಂದ ಅವರ ಬಗ್ಗೆಯೂ ಎರಡು ಮಾತು. ಕಾರ್ಯದರ್ಶಿಗಳೇ, ಗಡಿಯಾರ ನೋಡಬೇಡಿ, ಇದು ಬೇರೆ ಎರಡು. ಅವರು ಫಿಟ್ಟರ್. ಕೀಲಿ, ಪಂಪು, ಹೊಲಿಗೆ ಯಂತ್ರ, ಏನೇ ಕೆಟ್ಟರೂ ಬೀದಿಯ ಜನ ಅವರ ಬಳಿಗೇ ತರುತ್ತಿದ್ದರು. ಮನೆಯ ಮುಂದಿನ ಭಾಗವೇ ಅವರ ವರ್ಕ್‌ಶಾಪು. ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಅವರ ವೈಸ್. ನಾನು ಹೊಸದಾಗಿ ಆ ಮನೆಗೆ ಸೊಸೆಯಾಗಿ ಬಂದಾಗ ಒಳ್ಳೆಯವಳೆನಿಸಿಕೊಳ್ಳುವ ಹುಮ್ಮಸ್ಸಿನಲ್ಲಿ ಆ ವೈಸನ್ನು ಪಾತ್ರೆ ತಿಕ್ಕುವ ನಾರಿನಿಂದ ಗಸಗಸ ತಿಕ್ಕಿದ್ದೆ. ಮಾವನವರು ಬಂದು ನೋಡಿ ಹೇಳಿದ್ದು ಇಷ್ಟೇ: "ತುಕ್ಕು ಮಾತ್ರ ತೆಗಿಯಮ್ಮ, ಕಬ್ಬಿಣ ತೆಗೀಬೇಡ." ಅದೇ ಕೊನೆ, ಮತ್ತೆ ನಾನು ಅದನ್ನು ಮುಟ್ಟಲಿಲ್ಲ. ಅಂದರೆ, ಇವತ್ತು ಬೆಳಗಿನವರೆಗೂ ಮುಟ್ಟಿರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮಾವನವರಿಗೆ ಇಬ್ಬರು ಗಂಡುಮಕ್ಕಳು. ಹಿರಿಯವರು ಇವರು. ಕಿರಿಯವರು ನನ್ನ ಮೈದುನ. ಇಬ್ಬರೂ ಅದೇ ವೈಸಿನ ಮೇಲೆ ಕೆಲಸ ಕಲಿತವರು. ಒಬ್ಬರು ಹಿಡಿ ತಿರುಗಿಸಿದರೆ ಇನ್ನೊಬ್ಬರು ಅರ ಹಿಡಿಯುತ್ತಿದ್ದರು. ಮಾತೇ ಬೇಕಾಗಿರಲಿಲ್ಲ, "ಹೂಂ" ಎಂದರೆ ಬಿಗಿ ಎಂದರ್ಥ, "ಹೂಂಹೂಂ" ಎಂದರೆ ಸಡಿಲಿಸು ಎಂದರ್ಥ. ಅಡುಗೆಮನೆಯಿಂದ ಕೇಳಿದರೆ ಮನೆಯಲ್ಲಿ ಎರಡು ಪಾರಿವಾಳ ಸಾಕಿದ್ದಾರೆ ಎಂದುಕೊಳ್ಳಬೇಕಿತ್ತು.

ಮಾವನವರು ತೀರಿಕೊಂಡ ವರ್ಷ ಮೈದುನನಿಗೆ ವರ್ಕ್‌ಶಾಪನ್ನು ದೊಡ್ಡ ರಸ್ತೆಗೆ ಸಾಗಿಸುವ ಮನಸ್ಸಾಯಿತು. ಇವರಿಗೆ ಅಪ್ಪನ ಆ ಕಿಟಕಿ ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಬೇರೆಯಾಗೋಣ ಎಂದು ತೀರ್ಮಾನವಾಯಿತು. ಅರಗಳು ಪಾಲಾದವು, ಸುತ್ತಿಗೆಗಳು ಪಾಲಾದವು, ಕೊರೆಯುವ ಯಂತ್ರ ಅವರಿಗೆ, ಸಾಣೆಯಂತ್ರ ಇವರಿಗೆ. ಒಂದು ದಿನದಲ್ಲಿ ನಗುನಗುತ್ತಲೇ ಎಲ್ಲ ಮುಗಿಯಿತು. ಉಳಿದದ್ದು ವೈಸ್.

"ಹಿರಿಯವನು ನಾನು, ಅಪ್ಪನದು ನನ್ನ ಹತ್ರ ಇರ್ಲಿ" ಎಂದು ಇವರು. "ಕೊನೇ ನಾಲ್ಕು ವರ್ಷ ಅಪ್ಪನ ಜೊತೆ ಅದರ ಮುಂದೆ ನಿಂತಿದ್ದು ನಾನು" ಎಂದು ಅವರು. ಬೆಳಗ್ಗೆ ಹತ್ತಕ್ಕೆ ಶುರುವಾದದ್ದು ಊಟದ ಹೊತ್ತಾದರೂ ಮುಗಿಯಲಿಲ್ಲ. ಅನ್ನ ಆರುತ್ತಿತ್ತು. ಆಗ ಮನೆಯಲ್ಲಿ ಯಾರೋ ಒಬ್ಬರು, ಬೇಸತ್ತು, "ಅಷ್ಟೊಂದು ಆಸೆ ಇದ್ರೆ ಅರ್ಧ ಅರ್ಧ ಮಾಡ್ಕೊಳ್ಳಿ" ಎಂದು ಹೇಳಿದರು.

ಬೇರೆ ಯಾವ ಮನೆಯಲ್ಲಾದರೂ ಈ ಮಾತಿಗೆ ಎಲ್ಲರೂ ನಕ್ಕು ಊಟಕ್ಕೆ ಏಳುತ್ತಿದ್ದರು. ಆದರೆ ಇದು ಫಿಟ್ಟರುಗಳ ಮನೆ. ಅಲ್ಲಿ ಪ್ರತಿಯೊಂದು ವಸ್ತುವೂ ಬಿಚ್ಚಲು ಬರುತ್ತದೆ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅತ್ತಿಗೆ ಹೇಳಿದ್ದೇ ಸರಿ" ಎಂದು ಮೈದುನ ಹಿಡಿಗೆ ಕೈ ಹಾಕಿದರು.

ನೋಡಿ, ಬಾಯಿ ತಪ್ಪಿ ಬಂದೇಬಿಟ್ಟಿತು. ಹೌದು, ಹೇಳಿದ್ದು ನಾನೇ. ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತು ಹೇಳಿದ್ದು ನಾನೇ.

ಅಂಥ ವೈಸಿನ ಸ್ಕ್ರೂ ಎಷ್ಟು ಉದ್ದವಿರುತ್ತದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಅದನ್ನು ಪೂರ್ತಿ ಹೊರಗೆ ತೆಗೆಯಬೇಕಾದರೆ ಹಿಡಿಯನ್ನು ಎಷ್ಟು ಸುತ್ತು ತಿರುಗಿಸಬೇಕು! ಮೈದುನ ತಿರುಗಿಸಿದರು, ತಿರುಗಿಸಿದರು, ತಿರುಗಿಸುತ್ತಲೇ ಇದ್ದರು. ಅಷ್ಟು ಹೊತ್ತಿನಲ್ಲಿ ನಾನು "ಅಯ್ಯೋ, ತಮಾಷೆಗಪ್ಪಾ ಹೇಳಿದ್ದು" ಎಂದಿದ್ದರೆ ಸಾಕಾಗಿತ್ತು. ನನಗೆ ಒಂದಲ್ಲ, ಮೂವತ್ತು ಅವಕಾಶಗಳಿದ್ದವು, ಒಂದೊಂದು ಸುತ್ತಿಗೂ ಒಂದೊಂದು. ಯಾಕೆ ಹೇಳಲಿಲ್ಲ? ಇದನ್ನು ಇವರಿಗೂ ಹೇಳಿರಲಿಲ್ಲ. ಮೈದುನನ ಸಂಸಾರ ಹೊರಟರೆ ನಮಗೆ ಒಂದು ಕೋಣೆ ಖಾಲಿಯಾಗುತ್ತದೆ ಎಂಬ ಆಸೆ ನನಗಿತ್ತು. ಮಕ್ಕಳು ದೊಡ್ಡವರಾಗುತ್ತಿದ್ದರು, ಗಾಳಿ ಬರುವ ಕೋಣೆ ಅದು. ಜಗಳ ಬೇಗ ಮುಗಿದು ಅವರು ಬೇಗ ಹೊರಡಲಿ ಎಂದು ಬಾಯಿ ಮುಚ್ಚಿಕೊಂಡು ನಿಂತೆ. ಕೊನೆಯ ಸುತ್ತಿನಲ್ಲಿ ಮುಂದಿನ ದವಡೆ ಸ್ಕ್ರೂ ಸಮೇತ ಮೈದುನನ ಎದೆಗೆ ಬಂದು ಒರಗಿತು. ಮೇಜಿನ ಮೇಲೆ ಬಾಡಿ ಬಾಯಿ ತೆರೆದುಕೊಂಡು ಉಳಿಯಿತು. ಅದು ಇವರ ಪಾಲು. ಇಬ್ಬರ ಕೈಯಲ್ಲೂ ಅರ್ಧರ್ಧ ವೈಸ್, ಒಂದು ಮೊಳೆಯನ್ನು ಹಿಡಿಯುವ ಯೋಗ್ಯತೆಯೂ ಇಲ್ಲದ್ದು. ಅವತ್ತಿನಿಂದ ಇಬ್ಬರೂ ಮಾತು ಬಿಟ್ಟರು. ಮಾತು ಬಿಟ್ಟದ್ದು ವೈಸಿಗಾಗಿ ಎಂದು ನಾನು ನಂಬುವುದಿಲ್ಲ. ಅಪ್ಪನ ವಸ್ತುವನ್ನು ಹೀಗೆ ಮಾಡಿದೆವಲ್ಲ ಎಂಬ ನಾಚಿಕೆಗೆ ಒಬ್ಬರ ಮುಖ ಒಬ್ಬರು ನೋಡಲಾರದೆ ಹೋದರು.

ಕೋಣೆ ಖಾಲಿಯಾಯಿತು. ಅದರಲ್ಲಿ ಈಗ ಮೂವತ್ತು ವೈಸ್‌ಗಳಿವೆ. ನಗಿ, ನಗಿ, ನಾನೂ ಈಗ ನಗಬಲ್ಲೆ.

ಇವರು ವೈಸ್ ತರುವ ಹುಚ್ಚು ಹಿಡಿಸಿಕೊಂಡದ್ದು ಆ ತಿಂಗಳಿನಿಂದಲೇ. ಸಂಘದ ಪತ್ರಿಕೆಯಲ್ಲಿ ಇವರ ಸಂದರ್ಶನ ಬಂದಾಗ "ಹಳೆಯ ಎರಕದ ಸೌಂದರ್ಯಕ್ಕೆ ಮನಸೋತೆ" ಎಂದು ಹೇಳಿಕೊಂಡಿದ್ದಾರೆ. ಸುಳ್ಳು, ಸ್ವಾಮಿ. ಪ್ರತಿಯೊಂದು ಹಳೆಯ ವೈಸ್ ಬಂದಾಗಲೂ ಇವರು ಮಾಡುತ್ತಿದ್ದ ಮೊದಲ ಕೆಲಸ ಒಂದೇ. ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಬಂದದ್ದರ ಮುಂದಿನ ದವಡೆಯನ್ನು ಬಿಚ್ಚಿ, ಮಾವನವರ ವೈಸಿನ ಬಾಡಿಗೆ ಕೂರುತ್ತದೆಯೇ ಎಂದು ಹಾಕಿ ನೋಡುವುದು. ಹೊರಗೆ ನನಗೆ ಕಬ್ಬಿಣ ಕೆರೆಯುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು "ಚೆನ್ನಾಗಿದೆ, ಇಟ್ಕೊಳ್ಳೋಣ" ಎನ್ನುತ್ತಿದ್ದರು. ನಲವತ್ಮೂರು ಸಲ! ಒಂದೂ ಕೂರಲಿಲ್ಲ. ಒಂದು ಅಗಲ ಹೆಚ್ಚಾಯಿತು, ಒಂದರ ಸ್ಕ್ರೂವಿನ ಹಲ್ಲು ಬೇರೆಯಾಯಿತು. ತಮ್ಮನ ಮನೆ ನಮ್ಮ ಮನೆಯಿಂದ ಹದಿನೈದು ನಿಮಿಷದ ದಾರಿ. ಇವರು ಆ ದವಡೆಗಾಗಿ ತಿರುಗದ ಗುಜರಿ ಅಂಗಡಿಯಿಲ್ಲ, ಆ ಹದಿನೈದು ನಿಮಿಷ ಮಾತ್ರ ನಡೆಯಲಿಲ್ಲ.

ಕೊನೆಗೆ ಹೋದ ವರ್ಷ ಇವರು ಹುಡುಕುವುದನ್ನು ಬಿಟ್ಟು, ಮುಂದಿನ ದವಡೆಯನ್ನು ತಾವೇ ಮಾಡಲು ಕುಳಿತರು. ನೆನಪಿನಿಂದಲೇ ಮರದಲ್ಲಿ ಅದರ ಅಚ್ಚು ಕೆತ್ತಿದರು, ಎರಕದ ಕಾರ್ಖಾನೆಗೆ ಹೊತ್ತುಕೊಂಡು ಹೋಗಿ ಎರಕ ಹೊಯ್ಯಿಸಿದರು, ಎಂಟು ತಿಂಗಳು ಅರ ಹಿಡಿದು ಉಜ್ಜಿದರು. ಅದನ್ನೇ ಈ ಸ್ಪರ್ಧೆಗೆ ತಂದರು. ಏಳನೇ ನಂಬರು. ಬಾಡಿ ಹಳೆಯದು, ಮುಂದಿನ ದವಡೆ ಮತ್ತು ಸ್ಕ್ರೂ ಹೊಸದು ಎಂದು ಅರ್ಜಿಯಲ್ಲಿ ಬರೆದಿದ್ದಾರೆ.

ಈಗ ನನ್ನ ಓರಗಿತ್ತಿಯ ವಿಷಯ. ಮೈದುನನ ಹೆಂಡತಿ. ಜಗಳ ಅಣ್ಣತಮ್ಮಂದಿರದು, ಅದರಲ್ಲಿ ನಮ್ಮಿಬ್ಬರಿಗೆ ಪಾಲು ಬಂದಿರಲಿಲ್ಲ. ಹನ್ನೊಂದು ವರ್ಷವೂ ನಾವು ಫೋನಿನಲ್ಲಿ ಮಾತಾಡಿದ್ದೇವೆ, ತರಕಾರಿ ಅಂಗಡಿಯಲ್ಲಿ ನಿಂತು ಮಾತಾಡಿದ್ದೇವೆ. ರೀ, ನನ್ನನ್ನು ಹಾಗೆ ನೋಡಬೇಡಿ, ತರಕಾರಿ ತರಲು ಒಂದು ಗಂಟೆ ಹಿಡಿಯುತ್ತದೆಯೇ ಎಂದು ನೀವು ಒಂದು ದಿನವಾದರೂ ಕೇಳಿದ್ದೀರಾ? ಆರು ತಿಂಗಳ ಹಿಂದೆ ಆಕೆ ಫೋನು ಮಾಡಿ, "ಅಕ್ಕಾ, ನಮ್ಮವರು ಊಟ ತಿಂಡಿ ಬಿಟ್ಟು ಅದೇನೋ ಮರದ ಅಚ್ಚು ಕೆತ್ತುತಾ ಕೂತಿದಾರೆ. ಅಪ್ಪನ ವೈಸಿಗೆ ಹೊಸ ಬಾಡಿ ಮಾಡ್ತೀನಿ ಅಂತಾರೆ" ಎಂದಳು. ಅಣ್ಣ ಇಲ್ಲಿ ಅಪ್ಪನ ವೈಸಿನ ಬಾಡಿಗೆ ಹೊಸ ದವಡೆ ಮಾಡುತ್ತಿದ್ದಾರೆ, ತಮ್ಮ ಅಲ್ಲಿ ಅದೇ ವೈಸಿನ ದವಡೆಗೆ ಹೊಸ ಬಾಡಿ ಮಾಡುತ್ತಿದ್ದಾರೆ. ಇಬ್ಬರಿಗೂ ಇನ್ನೊಬ್ಬರ ಸುದ್ದಿಯೇ ಇಲ್ಲ!

ನಾವಿಬ್ಬರೂ ಸೇರಿ ಒಂದು ಉಪಾಯ ಹೂಡಿದೆವು. ನಾನು ಇವರ ಕೈಯಲ್ಲಿ ಅರ್ಜಿ ಹಾಕಿಸಿದೆ, ಆಕೆ ಅವರ ಕೈಯಲ್ಲಿ ಹಾಕಿಸಿದಳು. ಅವರದು ಹತ್ತೊಂಬತ್ತನೇ ನಂಬರು, ದವಡೆ ಹಳೆಯದು, ಬಾಡಿ ಹೊಸದು ಎಂದು. ಮೇಜಿನ ಮೇಲೆ ನಂಬರು ಮಾತ್ರ, ಹೆಸರಿಲ್ಲ. ತೀರ್ಪು ಮುಗಿಯುವವರೆಗೆ ಸ್ಪರ್ಧಿಗಳು ಮೇಜಿನ ಹತ್ತಿರ ಸುಳಿಯುವಂತಿಲ್ಲ ಎಂಬ ಸಂಘದ ನಿಯಮವೂ ನಮಗೆ ಅನುಕೂಲವಾಯಿತು. ಇಬ್ಬರೂ ಒಂದೇ ಸಭಾಂಗಣಕ್ಕೆ ಬರಲಿ, ಕಾಫಿಯ ಹೊತ್ತಿಗೆ ಹೇಗಾದರೂ ಎದುರುಬದುರು ನಿಲ್ಲಿಸೋಣ, ಅಷ್ಟೇ ನಮ್ಮ ಯೋಚನೆ. ಮೈದುನ ಈಗ ಹಿಂದಿನ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಾರೆ. ಕಾಫಿಯ ಹೊತ್ತಿನಲ್ಲಿ ಇವರು ಆ ಮೂಲೆಯ ಕಿಟಕಿ ನೋಡುತ್ತಾ ನಿಂತರು, ಅವರು ಈ ಮೂಲೆಯ ಫ್ಯಾನು ನೋಡುತ್ತಾ ನಿಂತರು. ನಮ್ಮ ಉಪಾಯ ಅಲ್ಲಿಗೆ ಮಣ್ಣುಗೂಡಿತು.

ಆದರೆ ಅದಕ್ಕೆ ಮೊದಲು, ಬೆಳಗ್ಗೆ, ಇನ್ನೊಂದು ನಡೆದಿತ್ತು. ಮೇಜು ಒರೆಸುವ ಕೆಲಸಕ್ಕೆ ನಾವಿಬ್ಬರೂ ಹೆಸರು ಕೊಟ್ಟಿದ್ದೆವು. ಎಂಟು ಗಂಟೆಗೆ ಕಾರ್ಯದರ್ಶಿಗಳು ಬಾಗಿಲು ತೆರೆದು, ಕೈಗೆ ಬಟ್ಟೆ ಕೊಟ್ಟು, ಕುರ್ಚಿ ಎಣಿಸಲು ಹೋದರು. ನಾನು ಹತ್ತೊಂಬತ್ತರ ಮುಂದೆ ನಿಂತೆ. ಮಾವನವರ ಬೆರಳುಗಳಿಂದ ನುಣುಪಾದ ಹಿಡಿಯನ್ನು ಹನ್ನೊಂದು ವರ್ಷದ ಮೇಲೆ ನೋಡಿದೆ. ಆಕೆ ಏಳರ ಮುಂದೆ ನಿಂತಿದ್ದಳು. ಇಬ್ಬರಿಗೂ ಕಣ್ಣು ತುಂಬಿ ಬಂದಿತ್ತು. ಆಗ ಆಕೆ, "ಅಕ್ಕಾ, ಹಾಕಿ ನೋಡೋಣ್ವಾ?" ಎಂದಳು.

ಇಬ್ಬರು ಹೆಂಗಸರು ಸೇರಿ ಎರಡು ವೈಸ್ ಬಿಚ್ಚಿದೆವು, ಸ್ವಾಮಿ! ಸಂಘದ ನಿಯಮಾವಳಿಯಲ್ಲಿ ಇದಕ್ಕೆ ಏನು ಶಿಕ್ಷೆ ಇದೆಯೋ ನನಗೆ ಗೊತ್ತಿಲ್ಲ. ಮಾವನವರ ವೈಸಿನ ದವಡೆಯನ್ನು ಅದರದೇ ಬಾಡಿಗೆ ಕೊಟ್ಟೆವು. ಒಳಗೆ ಹೋಯಿತು, ಹೋಗಲೇಬೇಕು, ಅದರಲ್ಲಿ ಆಶ್ಚರ್ಯವೇನಿಲ್ಲ. ಮೇಜಿನ ಮೇಲೆ ಉಳಿದದ್ದು ಇವರು ಮಾಡಿದ ದವಡೆ ಮತ್ತು ಅವರು ಮಾಡಿದ ಬಾಡಿ. ಬೇರೆ ಬೇರೆ ಮನೆಯಲ್ಲಿ, ಬೇರೆ ಬೇರೆ ಕಾರ್ಖಾನೆಯ ಎರಕದಲ್ಲಿ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕಣ್ಣಿಂದಲೂ ನೋಡದೆ ಮಾಡಿದ್ದು. ಅವನ್ನೂ ಹಾಕಿ ನೋಡಿದೆವು. ಓರಗಿತ್ತಿ ಹಿಡಿ ತಿರುಗಿಸಿದಳು, ನಾನು ದವಡೆ ಹಿಡಿದುಕೊಂಡಿದ್ದೆ. ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ ಎಂದು ಕಾಯುತ್ತಾ ಇದ್ದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕೊನೆಯವರೆಗೂ ಹೋಯಿತು. ದವಡೆಗಳು ಎಲ್ಲ ಕಡೆಯೂ ಸಮನಾಗಿ ಕೂಡುತ್ತವೆಯೇ ಎಂದು ನೀವೆಲ್ಲ ಮಾಡುವ ಪರೀಕ್ಷೆಯನ್ನು ನಾವೂ ಮಾಡಿದೆವು, ಕಾಗದದ ಎರಡು ಚೂರುಗಳನ್ನು ದವಡೆಯ ಎರಡು ತುದಿಗೆ ಇಟ್ಟು ಬಿಗಿದೆವು. ಎರಡರಲ್ಲಿ ಒಂದೂ ಎಳೆದರೆ ಬರಲಿಲ್ಲ, ಹರಿದು ಹೋಯಿತು.

ಹನ್ನೊಂದು ವರ್ಷ ಒಂದು ಮಾತಾಡದ ಇಬ್ಬರು ಒಂದೇ ಅಳತೆಯನ್ನು ತಲೆಯಲ್ಲಿ ಇಟ್ಟುಕೊಂಡಿದ್ದರು. ಇದಕ್ಕಿಂತ ಹೆಚ್ಚು ನಾನೇನು ಹೇಳಲಿ? ಆ ಮೇಜಿನ ಮುಂದೆ ನಾನು ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಗ್ರೀಸು ಮಾಡಿಕೊಂಡೆ.

ಅಷ್ಟರಲ್ಲಿ ತೀರ್ಪುಗಾರರ ಹೆಜ್ಜೆಯ ಸದ್ದು ಕೇಳಿಸಿತು. ಬಿಚ್ಚಿ ಮೊದಲಿನಂತೆ ಹಾಕಲು ಹೊತ್ತಿರಲಿಲ್ಲ. ಹಾಗೇ ಬಿಟ್ಟು ಓಡಿದೆವು.

ಆದ್ದರಿಂದ ತೀರ್ಪುಗಾರರಲ್ಲಿ ನಾನು ಕ್ಷಮೆ ಕೇಳಬೇಕಾಗಿದೆ. ಏಳನೇ ನಂಬರಿಗೆ ಪ್ರಥಮ ಬಹುಮಾನ ಕೊಡುತ್ತಾ ತಾವು ಬರೆದಿರುವುದು: "ಹೊಸದಾಗಿ ಮಾಡಿದ ದವಡೆಯು ಹಳೆಯದೇ ಎಂಬಷ್ಟು ಸಹಜವಾಗಿದೆ." ಹೌದು ಸ್ವಾಮಿ, ಸಹಜವಾಗಿಯೇ ಇದೆ, ಅದರಲ್ಲಿ ಹೊಸದು ಎಂಬುದೇ ಇಲ್ಲ. ಹತ್ತೊಂಬತ್ತನೆಯದರ ಬಗ್ಗೆ ತಾವು ಬರೆದಿರುವುದು: "ಹಳೆಯ ದವಡೆಯನ್ನು ಅತಿಯಾಗಿ ಉಜ್ಜಿ ಅದರ ಹಳಮೆಯನ್ನೇ ಕಳೆದಿದ್ದಾರೆ." ಪಾಪ, ಅದಕ್ಕೆ ಹುಟ್ಟಿ ಎಂಟು ತಿಂಗಳಾಗಿದೆ! ಈ ಫಲಕವನ್ನು ನಾವು ಹಿಂದಿರುಗಿಸುತ್ತೇವೆ. ರೀ, ಅದನ್ನು ಅಧ್ಯಕ್ಷರ ಕೈಗೆ ಕೊಡಿ. ಕೊಡಿ, ಪರವಾಗಿಲ್ಲ.

ಈಗ ನಮ್ಮ ಮನೆಯ ಪ್ರಶ್ನೆ. ಸಂಜೆ ಐದಕ್ಕೆ ಸಭಾಂಗಣ ಖಾಲಿ ಮಾಡಬೇಕು. ಏಳನೆಯದು ಪೂರ್ತಿ ಅಪ್ಪನದು. ಹತ್ತೊಂಬತ್ತನೆಯದು ಪೂರ್ತಿ ಅಣ್ಣತಮ್ಮಂದಿರದು. ಯಾವುದು ಯಾರ ಮನೆಗೆ ಹೋಗಬೇಕು? ಮತ್ತೆ ಬಿಚ್ಚಿ ಮೊದಲಿನಂತೆ ಮಾಡಬೇಕೇ? ಅಪ್ಪನದನ್ನು ಇನ್ನೊಂದು ಸಲ ಬಿಚ್ಚುವ ಎದೆ ಯಾರಿಗಿದೆ? ಓರಗಿತ್ತಿಗೂ ನನಗೂ ಇದರಲ್ಲಿ ಯಾವ ಅಭಿಪ್ರಾಯವೂ ಇಲ್ಲ. ಇದ್ದರೂ ಹೇಳುವುದಿಲ್ಲ. ನಿಮ್ಮಿಬ್ಬರ ಎದುರಿಗೂ ಅವತ್ತು ಹೇಳಬೇಕಾಗಿದ್ದನ್ನು ಮಾತ್ರ ಹೇಳುತ್ತೇನೆ: ತಪ್ಪಾಯಿತು. ನಾನು ಅವತ್ತು ತಮಾಷೆಗೆ ಅಂದದ್ದು, ಆಸೆಗೆ ಬಿದ್ದು ಸುಮ್ಮನಿದ್ದದ್ದು.

ಇವರು ವೇದಿಕೆ ಇಳಿಯುತ್ತಿದ್ದಾರೆ. ಅಧ್ಯಕ್ಷರೇ, ತಡೆಯಬೇಡಿ, ಇಳಿಯಲಿ. ಹಿಂದಿನ ಸಾಲಿನವರು ಸ್ವಲ್ಪ ಕಾಲು ಮಡಚಿಕೊಂಡು ಮೈದುನನಿಗೆ ದಾರಿ ಕೊಡಿ. ನಾನು ಅಂದುಕೊಂಡಿದ್ದೆ ಇಬ್ಬರೂ ಅಪ್ಪನ ವೈಸಿನ ಕಡೆಗೆ ಹೋಗುತ್ತಾರೆ ಎಂದು. ಇಲ್ಲ, ಇಬ್ಬರೂ ಹತ್ತೊಂಬತ್ತರ ಕಡೆಗೆ ಹೋಗುತ್ತಿದ್ದಾರೆ. ಇವರು ಬಾಡಿಯ ಮೇಲೆ ಕೈಯಾಡಿಸಿ ನೋಡುತ್ತಿದ್ದಾರೆ, ತಮ್ಮ ಮಾಡಿದ ಬಾಡಿ. ಅವರು ಬಗ್ಗಿ ಅಣ್ಣ ಮಾಡಿದ ದವಡೆಯ ಅಂಚನ್ನು ಉಗುರಿನಿಂದ ಮುಟ್ಟಿ ನೋಡುತ್ತಿದ್ದಾರೆ. ಮೈದುನ ಹಿಡಿಗೆ ಕೈ ಹಾಕಿದರು.

ಏನೋ ಸದ್ದು ಬರುತ್ತಿದೆ, ನಿಮಗೂ ಕೇಳಿಸುತ್ತಿದೆಯೇ? ಇಬ್ಬರೂ ಹೂಂಗುಟ್ಟುತ್ತಿದ್ದಾರೆ. ನಮ್ಮ ಮನೆಯಲ್ಲಿ ಇಷ್ಟೂ ವರ್ಷ ನನಗೆ ಇದೊಂದೇ ಬೇಕಾಗಿದ್ದದ್ದು.

ನನ್ನನ್ನು ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆ, ಗಂಟೆ ಬಾರಿಸಲು ಮರೆತ ಕಾರ್ಯದರ್ಶಿಗಳಿಗೆ, ಮೋಸಹೋದ ತೀರ್ಪುಗಾರರಿಗೆ, ಅಲ್ಲಿ ಮೂರನೇ ಸಾಲಿನಲ್ಲಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿರುವ ನನ್ನ ಓರಗಿತ್ತಿಗೆ ಕೃತಜ್ಞತೆಗಳು. ಕೆಳಗೆ ಆ ಮೇಜಿನ ಹತ್ತಿರ ದಯವಿಟ್ಟು ಇನ್ನೂ ಸ್ವಲ್ಪ ಹೊತ್ತು ಯಾರೂ ಹೋಗಬೇಡಿ. ನಮಸ್ಕಾರ.